‘ಬಂಜೆ’ ಬಳ್ಳಿ ಮತ್ತು ಮಡಹಾಗಲ: ಸಸ್ಯನಾಮಗಳಲ್ಲಿ ಅಡಗಿರುವ ಜನಪದ ಜ್ಞಾನ

ಮಲೆನಾಡು ಮತ್ತು ಕರಾವಳಿಯ ಜನರಿಗೆ ಮಳೆಗಾಲವೆಂದರೆ ತರಕಾರಿಯ ಕೊರತೆಯ ಕಾಲ. ಹಿತ್ತಲಿನ ಪಾತಿಗಳು ನೀರು ನಿಂತು ಕೊಳೆಯುತ್ತವೆ. ಬಯಲುಸೀಮೆಯಿಂದ ಬರುವ ಸರಕು ಹಿಂದೆಲ್ಲ ಘಟ್ಟದ ದಾರಿಯಲ್ಲಿಯೇ ನಿಂತುಬಿಡುತ್ತಿತ್ತು. ಇಂಥ ತಿಂಗಳುಗಳಲ್ಲಿ ಅಡುಗೆಮನೆಯನ್ನು ನಡೆಸಿಕೊಂಡು ಬಂದದ್ದು ಕಳಲೆ, ಕೆಸು, ಅಣಬೆ ಮೊದಲಾದ ಕಾಡಿನ ಹಾಗೂ ಬೇಲಿಯಂಚಿನ ಉತ್ಪನ್ನಗಳು. ಈ ಸಾಲಿನಲ್ಲಿ ಕಾಯಿಯನ್ನೇ ತರಕಾರಿಯಾಗಿ ಬಳಸುವ ಬಳ್ಳಿಗಳಲ್ಲಿ ಮಡಹಾಗಲಕ್ಕೆ ವಿಶಿಷ್ಟ ಸ್ಥಾನವಿದೆ. ಮಾಡಹಾಗಲ, ಮಡಾಗಲ, ಕಾಡುಹಾಗಲ ಎಂದೆಲ್ಲ ಕರೆಯಲ್ಪಡುವ ಈ ಬಳ್ಳಿಯ ಕುರಿತು ಸಸ್ಯಶಾಸ್ತ್ರಜ್ಞರೂ ಆಹಾರ ವಿಜ್ಞಾನಿಗಳೂ ಸಾಕಷ್ಟು ಬರೆದಿದ್ದಾರೆ. ಆದರೆ ಜಾನಪದ ಅಧ್ಯಯನದ ದೃಷ್ಟಿಯಿಂದ ಇದರ ಹೆಸರುಗಳನ್ನು ಪರಿಶೀಲಿಸುವ ಕೆಲಸ ಇನ್ನೂ ಆಗಬೇಕಾಗಿದೆ.

ಪ್ರಸ್ತುತ ಪ್ರಬಂಧದ ಉದ್ದೇಶ ಸೀಮಿತವಾದುದು. ಕಾಯಿ ಬಿಡುವ ಮಡಹಾಗಲದ ಬಳ್ಳಿಯ ಜೊತೆಯಲ್ಲಿಯೇ ಬೆಳೆಯುವ, ಹೂ ಬಿಟ್ಟೂ ಕಾಯಿ ಬಿಡದ ಇನ್ನೊಂದು ಬಳ್ಳಿಯನ್ನು ನಮ್ಮ ಪರಂಪರೆ ಯಾವ ಯಾವ ಹೆಸರಿನಿಂದ ಕರೆದಿದೆ, ಆ ಹೆಸರುಗಳ ಹಿಂದಿರುವ ತಿಳಿವಳಿಕೆ ಯಾವುದು, ಆ ತಿಳಿವಳಿಕೆಯಿಂದ ಬಳ್ಳಿಯ ಅಳಿವು–ಉಳಿವಿಗೆ ಆಗುವ ಪರಿಣಾಮವೇನು ಎಂಬ ಮೂರು ಪ್ರಶ್ನೆಗಳನ್ನು ಇಲ್ಲಿ ಎತ್ತಿಕೊಳ್ಳಲಾಗಿದೆ.

ಸಸ್ಯದ ಸ್ವರೂಪ

ಮಡಹಾಗಲವು ಸೋರೆ, ಹೀರೆ, ಕುಂಬಳಗಳ ಕುಟುಂಬಕ್ಕೆ ಸೇರಿದ ಬಹುವಾರ್ಷಿಕ ಬಳ್ಳಿ. ಇದರ ಶಾಸ್ತ್ರೀಯ ನಾಮ ಮೊಮೊರ್ಡಿಕಾ ಡಯೋಯಿಕಾ. ಕಲ್ಕತ್ತೆಯ ಸಸ್ಯೋದ್ಯಾನದ ಮುಖ್ಯಸ್ಥರಾಗಿದ್ದ ವಿಲಿಯಂ ರಾಕ್ಸ್‌ಬರ್ಗ್ ಇಟ್ಟ ಈ ಹೆಸರನ್ನು ಜರ್ಮನಿಯ ಸಸ್ಯವಿಜ್ಞಾನಿ ವಿಲ್ಡೆನೋ 1805ರಲ್ಲಿ ಪ್ರಕಟಿಸಿದರು. ‘ಮೊಮೊರ್ಡಿಕಾ’ ಎಂಬುದು ಕಚ್ಚು ಎಂಬರ್ಥದ ಲ್ಯಾಟಿನ್ ಧಾತುವಿನಿಂದ ಬಂದುದು. ಬೀಜದ ಅಂಚು ಯಾರೋ ಕಚ್ಚಿ ಬಿಟ್ಟಂತೆ ಕಾಣುವುದೇ ಇದಕ್ಕೆ ಕಾರಣವೆನ್ನುತ್ತಾರೆ. ‘ಡಯೋಯಿಕಾ’ ಎಂಬ ಗ್ರೀಕ್ ಮೂಲದ ಪದಕ್ಕೆ ‘ಎರಡು ಮನೆ’ ಎಂದರ್ಥ. ಗಂಡು ಹೂ ಒಂದು ಬಳ್ಳಿಯಲ್ಲಿ, ಹೆಣ್ಣು ಹೂ ಇನ್ನೊಂದು ಬಳ್ಳಿಯಲ್ಲಿ ಇರುವುದರಿಂದ ಈ ಹೆಸರು. ನಾವು ದಿನವೂ ಬಳಸುವ ಹಾಗಲದಲ್ಲಿ ಎರಡೂ ಬಗೆಯ ಹೂಗಳು ಒಂದೇ ಬಳ್ಳಿಯಲ್ಲಿರುತ್ತವೆ. ಹೀಗಾಗಿ ಹಾಗಲದ ಒಂದೇ ಬಳ್ಳಿಯಿದ್ದರೂ ಕಾಯಿ ದೊರೆಯುತ್ತದೆ. ಮಡಹಾಗಲದಲ್ಲಿ ಅದು ಸಾಧ್ಯವಿಲ್ಲ.

ಬಳ್ಳಿಯ ಜೀವ ಇರುವುದು ನೆಲದೊಳಗಿನ ಗೆಡ್ಡೆಯಲ್ಲಿ. ಮೊದಲ ಮಳೆ ಬಿದ್ದೊಡನೆ ಗೆಡ್ಡೆ ಚಿಗುರಿ, ಬಳ್ಳಿ ಬೇಲಿಯನ್ನೋ ಪೊದೆಯನ್ನೋ ಹಬ್ಬುತ್ತದೆ. ಆಷಾಢದಿಂದ ಭಾದ್ರಪದದವರೆಗೆ ಕಾಯಿಯ ಕಾಲ. ಮಳೆ ಹಿಂದೆ ಸರಿದಂತೆ ಬಳ್ಳಿ ಒಣಗಿ ಮಾಯವಾಗುತ್ತದೆ; ಗೆಡ್ಡೆ ಮಾತ್ರ ಮುಂದಿನ ಮಳೆಗಾಗಿ ಕಾದಿರುತ್ತದೆ. ಕಾಯಿ ಮೊಟ್ಟೆಯಾಕಾರದ್ದು, ಮೈತುಂಬ ಮೆತ್ತನೆಯ ಮುಳ್ಳುಗಳುಳ್ಳದ್ದು. ಎಳೆಯದಿದ್ದಾಗ ಹಸಿರು, ಹಣ್ಣಾದಾಗ ಕಿತ್ತಳೆ ಬಣ್ಣಕ್ಕೆ ತಿರುಗಿ, ಒಡೆದು, ಒಳಗಿನ ಕೆಂಪು ತಿರುಳು ಹೊತ್ತ ಬೀಜಗಳನ್ನು ತೋರಿಸುತ್ತದೆ. ಹಾಗಲದ ಹೆಸರನ್ನು ಹೊತ್ತಿದ್ದರೂ ಇದಕ್ಕೆ ಹಾಗಲದ ಕಹಿ ಇಲ್ಲ.

ನಮ್ಮ ಜನ ‘ಮಡಹಾಗಲ’ ಎಂಬ ಒಂದೇ ಹೆಸರಿನಲ್ಲಿ ಕರೆಯುವುದು ಒಂದೇ ಪ್ರಭೇದವನ್ನಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು. ಪಶ್ಚಿಮ ಘಟ್ಟದ ಮಳೆಕಾಡುಗಳಲ್ಲಿ ಬೆಳೆಯುವ, ದೊಡ್ಡ ಹಳದಿ ಹೂವಿನ ಬಳ್ಳಿಯನ್ನು 2007ರಲ್ಲಿ ಮೊಮೊರ್ಡಿಕಾ ಸಹ್ಯಾದ್ರಿಕಾ ಎಂಬ ಪ್ರತ್ಯೇಕ ಪ್ರಭೇದವೆಂದು ವಿಜ್ಞಾನಿಗಳು ಗುರುತಿಸಿದರು. ಡಯೋಯಿಕಾದ ಹೂ ಸಂಜೆ ಅರಳಿದರೆ, ಸಹ್ಯಾದ್ರಿಕಾದ ಹೂ ಬೆಳಗ್ಗೆ ಅರಳುತ್ತದೆ. ಈಶಾನ್ಯ ಭಾರತ ಮತ್ತು ಬಂಗಾಳದ ಕಡೆ ಬೇಸಾಯದಲ್ಲಿರುವ, ಗಾತ್ರದಲ್ಲಿ ದೊಡ್ಡದಾದ ಕಾಯಿಯ ಮೊಮೊರ್ಡಿಕಾ ಸಬ್‌ಆಂಗ್ಯುಲಾಟಾ ಎಂಬ ಮೂರನೆಯ ಬಗೆಯೂ ಈಗ ನಮ್ಮ ತೋಟಗಳಿಗೆ ಬಂದಿದೆ. ಮೂರರಲ್ಲಿಯೂ ಗಂಡು–ಹೆಣ್ಣು ಬಳ್ಳಿಗಳು ಬೇರೆ ಬೇರೆ. ಆದ್ದರಿಂದ ಮುಂದಿನ ಚರ್ಚೆ ಮೂರಕ್ಕೂ ಅನ್ವಯಿಸುತ್ತದೆ.

ಹೆಸರುಗಳ ಹಂಚಿಕೆ

ಜನಪದ ಸಸ್ಯನಾಮಗಳ ರಚನೆಯಲ್ಲಿ ಒಂದು ಕ್ರಮವಿದೆ. ಮೂಲನಾಮವೊಂದನ್ನು ಇಟ್ಟುಕೊಂಡು ಅದರ ಹಿಂದೆ ವಿಶೇಷಣ ಸೇರಿಸುವುದು ಆ ಕ್ರಮ. ಹೀರೆ–ತುಪ್ಪದಹೀರೆ, ಕುಂಬಳ–ಬೂದುಕುಂಬಳ, ಹಾಗಲ–ಮಡಹಾಗಲ ಎಂಬಿವು ಇದಕ್ಕೆ ನಿದರ್ಶನಗಳು. ಲಿನೇಯಸ್ 1753ರಲ್ಲಿ ಸಸ್ಯಗಳಿಗೆ ಕ್ರಮಬದ್ಧವಾಗಿ ಬಳಸಿದ ದ್ವಿನಾಮ ಪದ್ಧತಿಗೂ ಈ ಆಡುಮಾತಿನ ಪದ್ಧತಿಗೂ ಇರುವ ಸಾಮ್ಯ ಕುತೂಹಲಕರವಾದುದು. ಹೆಸರಿಡುವವರು ಯಾವ ಮೂಲನಾಮವನ್ನು ಆರಿಸಿಕೊಂಡರು ಎಂಬುದರಿಂದ ಅವರು ಸಸ್ಯದಲ್ಲಿ ಯಾವ ಲಕ್ಷಣವನ್ನು ಮುಖ್ಯವೆಂದು ಕಂಡರು ಎಂಬುದು ತಿಳಿಯುತ್ತದೆ.

ಮಲೆನಾಡಿನವರು ಬಳ್ಳಿ, ಎಲೆ, ಮುಳ್ಳುಮೈಗಳನ್ನು ನೋಡಿ ಇದನ್ನು ಹಾಗಲದ ಬಳಗಕ್ಕೆ ಸೇರಿಸಿದರು. ದಕ್ಷಿಣ ಕನ್ನಡದ ಕೆಲವೆಡೆ ಇದಕ್ಕೆ ‘ಕಾಟುಪೀರೆ’, ಅಂದರೆ ಕಾಡುಹೀರೆ ಎಂಬ ಹೆಸರಿದೆ. ಕಹಿಯಿಲ್ಲದ ಕಾಯಿಯನ್ನು ಹೀರೆಯ ಸಾಲಿನಲ್ಲಿ ಇಟ್ಟ ಈ ಹೆಸರು ನಾಲಿಗೆಯ ತೀರ್ಮಾನವನ್ನು ಒಪ್ಪಿದಂತಿದೆ. ಕೊಂಕಣಿಯಲ್ಲಿ ಇದು ‘ಫಾಗಿಲ’. ಕನ್ನಡದ ‘ಹಾಗಲ’ ಮತ್ತು ತಮಿಳಿನ ‘ಪಾಗಲ್’ ಒಂದೇ ಮೂಲದವು. ಹಳಗನ್ನಡದ ಪಕಾರ ನಡುಗನ್ನಡದಲ್ಲಿ ಹಕಾರವಾದ ನಿಯಮ ಎಲ್ಲರಿಗೂ ಪರಿಚಿತವಾದುದು. ಕೊಂಕಣಿಯ ಪದವೂ ಇದೇ ದ್ರಾವಿಡ ಮೂಲದಿಂದ, ಪಕಾರವಿದ್ದ ಕಾಲದ ರೂಪದಿಂದ ಹೋಗಿರುವ ಸಾಧ್ಯತೆಯಿದೆ. ಮರಾಠಿಯ ‘ಕರ್ಟೋಲಿ’, ಹಿಂದಿಯ ‘ಕಕೋಡಾ’, ಬಂಗಾಳಿಯ ‘ಕಾಂಕ್ರೋಲ್’ ಎಂಬಿವು ಸಂಸ್ಕೃತದ ‘ಕರ್ಕೋಟಕೀ’ ಪದದ ಬಳಗದವು.

ಸಂಗ್ರಹದ ಕ್ರಮ ಮತ್ತು ಅಡುಗೆ

ಮಡಹಾಗಲವನ್ನು ಹುಡುಕಿ ತರುವವರು ಬಹುಮಟ್ಟಿಗೆ ಹೆಂಗಸರು ಮತ್ತು ಮಕ್ಕಳು. ಸೊಪ್ಪಿಗೆ, ಸೌದೆಗೆ, ದನ ಮೇಯಿಸಲು ಹೋದಾಗ ಕಂಡ ಬಳ್ಳಿಯ ಜಾಗವನ್ನು ನೆನಪಿಟ್ಟುಕೊಂಡು, ಕಾಯಿ ಬಲಿಯುವ ಮೊದಲು ಮತ್ತೆ ಹೋಗಿ ಕೊಯ್ಯಬೇಕು. ಒಂದೆರಡು ದಿನ ತಡವಾದರೆ ಬೀಜ ಗಟ್ಟಿಯಾಗಿ ಕಾಯಿ ಅಡುಗೆಗೆ ಬಾರದು. ಬಳ್ಳಿ ಗೆಡ್ಡೆಯಿಂದ ಬರುವುದರಿಂದ ಜಾಗ ವರ್ಷದಿಂದ ವರ್ಷಕ್ಕೆ ಬದಲಾಗುವುದಿಲ್ಲ. ಈ ಜಾಗದ ಅರಿವು ತಾಯಿಯಿಂದ ಮಗಳಿಗೆ, ಅತ್ತೆಯಿಂದ ಸೊಸೆಗೆ ಹರಿದುಬಂದ ಆಸ್ತಿಯೇ ಸರಿ. ಕೊಯ್ಯುವಾಗ ಬಳ್ಳಿಯನ್ನು ಎಳೆಯಬಾರದು, ಗೆಡ್ಡೆಯನ್ನು ಮುಟ್ಟಬಾರದು, ಕಣ್ಣಿಗೆ ಬಿದ್ದದ್ದನ್ನೆಲ್ಲ ಕೊಯ್ಯಬಾರದು ಎಂಬ ಮಾತುಗಳು ಕ್ಷೇತ್ರಕಾರ್ಯದಲ್ಲಿ ಮತ್ತೆ ಮತ್ತೆ ಕೇಳಿಬಂದಿವೆ. ಬಿಟ್ಟ ಕಾಯಿ ಹಣ್ಣಾಗಿ, ಹಕ್ಕಿಗಳಿಗೆ ಆಹಾರವಾಗಿ, ಬೀಜ ಬೇರೆಡೆಗೆ ಹೋಗುತ್ತದೆ.

ಅಡುಗೆಯಲ್ಲಿ ಇದಕ್ಕೆ ಹೆಚ್ಚಿನ ಸಂಸ್ಕಾರ ಬೇಡ. ಕಹಿಯಿಲ್ಲದ್ದರಿಂದ ಹಾಗಲದಂತೆ ಉಪ್ಪು ಬೆರೆಸಿ ಹಿಂಡುವ ಅಗತ್ಯವಿಲ್ಲ. ಎಳೆಯ ಕಾಯಿಯ ಬೀಜವನ್ನೂ ತೆಗೆಯುವುದಿಲ್ಲ. ತೆಂಗಿನ ತುರಿ ಹಾಕಿದ ಪಲ್ಯ, ಹುಳಿ, ಗೊಜ್ಜು ಸಾಮಾನ್ಯ. ಕರಾವಳಿಯ ಕೊಂಕಣಿ ಮನೆಗಳಲ್ಲಿ ತೆಳ್ಳಗೆ ಬಿಲ್ಲೆಯಾಗಿ ಹೆಚ್ಚಿ, ಮೆಣಸಿನ ಪುಡಿ, ಇಂಗು, ಅಕ್ಕಿಹಿಟ್ಟು ಸವರಿ ಕರಿಯುವ ‘ಪೋಡಿ’ ಪ್ರಸಿದ್ಧವಾದುದು. ಕಾಯಿಯ ಕಾಲ ಶ್ರಾವಣ–ಭಾದ್ರಪದದ ಹಬ್ಬಗಳ ಕಾಲವೂ ಆಗಿರುವುದರಿಂದ ಹಬ್ಬದ ಎಲೆಯಲ್ಲಿ ಇದಕ್ಕೊಂದು ಸ್ಥಾನ ತಾನಾಗಿ ದೊರೆತಿದೆ.

ಗಂಡು, ಗೊಡ್ಡು, ಬಂಜೆ

ಇಲ್ಲಿಯವರೆಗಿನ ವಿವರಗಳೆಲ್ಲ ಕಾಯಿ ಬಿಡುವ ಬಳ್ಳಿಗೆ ಸಂಬಂಧಿಸಿದವು. ಬೀಜದಿಂದ ಹುಟ್ಟಿದ ಬಳ್ಳಿಗಳಲ್ಲಿ ಸರಿಸುಮಾರು ಅರ್ಧದಷ್ಟು ಕಾಯಿ ಬಿಡದವೇ ಆಗಿರುತ್ತವೆ. ಹೂ ಬರುವವರೆಗೆ ಎರಡರ ನಡುವೆ ಕಣ್ಣಿಗೆ ಕಾಣುವ ವ್ಯತ್ಯಾಸವಿಲ್ಲ. ಹೂ ಬಂದ ಮೇಲೆ ಗುರುತು ಸುಲಭ. ಹೆಣ್ಣು ಹೂವಿನ ದಳಗಳ ಕೆಳಗೆ ಪುಟ್ಟ ಮುಳ್ಳುಮೈಯ ಕಾಯಿಯ ರೂಪ ಮೊದಲೇ ಇರುತ್ತದೆ. ಗಂಡು ಹೂವಿಗೆ ಅದಿಲ್ಲ. ಬದಲಿಗೆ ಮೊಗ್ಗನ್ನು ಮುಸುಕಿನಂತೆ ಆವರಿಸಿದ ಎಲೆಯಂಥ ಭಾಗವೊಂದು ತೊಟ್ಟಿನ ತುದಿಯಲ್ಲಿರುತ್ತದೆ. ಈ ಎರಡನೆಯ ಬಳ್ಳಿಯನ್ನು ಏನೆಂದು ಕರೆಯಬೇಕು?

ಆಯುರ್ವೇದದ ನಿಘಂಟುಗಳಲ್ಲಿ ‘ವಂಧ್ಯಾ ಕರ್ಕೋಟಕೀ’ ಎಂಬ ಹೆಸರು ಬರುತ್ತದೆ. ಇದನ್ನು ಸಾಮಾನ್ಯವಾಗಿ ಮಡಹಾಗಲದ ಗಂಡು ಬಳ್ಳಿಯೆಂದು ಗುರುತಿಸಲಾಗಿದೆ. ಔಷಧವಾಗಿ ಬಳಕೆಯಾಗುವುದು ಇದರ ಗೆಡ್ಡೆ. ಹಿಂದಿಯಲ್ಲಿ ಇದೇ ‘ಬಾಂಝ ಕಕೋಡಾ’. ವಂಧ್ಯಾ ಎಂಬುದರ ಕನ್ನಡ ತದ್ಭವ ‘ಬಂಜೆ’. ಸಂಧ್ಯಾ ‘ಸಂಜೆ’ಯಾದ ರೀತಿಯಲ್ಲಿಯೇ ಇದು ಆದುದು. ಅಂದರೆ, ಶಾಸ್ತ್ರಪರಂಪರೆ ಗಂಡನ್ನು ಹೆಣ್ಣೆಂದು ಭಾವಿಸಿ, ಅದಕ್ಕೆ ಮಕ್ಕಳಿಲ್ಲವೆಂದು ಹೆಸರಿಟ್ಟಿತು. ಕಾಯಿ ಕೊಡುವುದೇ ಬಳ್ಳಿಯ ಧರ್ಮ, ಕೊಡದಿದ್ದರೆ ಅದು ಕೊರತೆಯುಳ್ಳದ್ದು ಎಂಬ ಗ್ರಹಿಕೆ ಈ ಹೆಸರಿನ ಹಿಂದಿದೆ. ಫಲವಿಲ್ಲದ್ದರ ಹೊಣೆ ಹೆಣ್ಣಿನದೇ ಎಂಬ ಸಾಮಾಜಿಕ ನಂಬಿಕೆ ಸಸ್ಯಲೋಕಕ್ಕೂ ವಿಸ್ತರಿಸಿದ್ದನ್ನು ಇಲ್ಲಿ ಕಾಣಬಹುದು. ಹಲಸಂಗಿ ಗೆಳೆಯರ ಸಂಗ್ರಹವಾಗಿ 1931ರಲ್ಲಿ ಪ್ರಕಟವಾದ ‘ಗರತಿಯ ಹಾಡು’ ಮೊದಲ್ಗೊಂಡು ನಮ್ಮ ತ್ರಿಪದಿ ಸಂಗ್ರಹಗಳನ್ನು ಓದಿದವರಿಗೆ ಬಂಜೆ ಎಂಬ ಮಾತಿನ ಭಾರ ಎಷ್ಟೆಂಬುದು ತಿಳಿಯದ ಸಂಗತಿಯಲ್ಲ.

ಆಡುಮಾತಿನಲ್ಲಿ ದೊರೆಯುವ ಇನ್ನೊಂದು ಪದ ‘ಗೊಡ್ಡು’. ಕರು ಹಾಕದ ಹಸುವಿಗೂ ಫಲ ಕೊಡದ ಮರಕ್ಕೂ ಸಲ್ಲುವ ಪದವಿದು. ಬಂಜೆ ಎಂಬುದರಷ್ಟು ನೇರವಾಗಿ ಹೆಂಗಸಿನ ಕಡೆಗೆ ಬೆರಳು ಮಾಡದಿದ್ದರೂ ಇಲ್ಲದ್ದನ್ನು ಹೇಳುವ ಪದವೇ. ಮೂರನೆಯದು ‘ಗಂಡು’. ಪರಂಗಿ ಗಿಡದ ವಿಷಯದಲ್ಲಿ ಗಂಡುಗಿಡ–ಹೆಣ್ಣುಗಿಡ ಎಂಬ ವಿಂಗಡಣೆ ಕನ್ನಡ ನಾಡಿನಾದ್ಯಂತ ರೂಢಿಯಲ್ಲಿದೆ. ತಾಳೆಯಲ್ಲಿ ಗಂಡು–ಹೆಣ್ಣು ಮರಗಳ ಭೇದ ಕಳ್ಳು ಇಳಿಸುವವರ ವೃತ್ತಿಜ್ಞಾನದ ಭಾಗ. ಮಡಹಾಗಲಕ್ಕೂ ಇದೇ ವಿಂಗಡಣೆಯನ್ನು ಅನ್ವಯಿಸುವವರಿದ್ದಾರೆ.

ಆದರೆ ‘ಗಂಡು’ ಎಂಬ ಪದ ಕಂಡೊಡನೆ ಪರಾಗಸ್ಪರ್ಶದ ತಿಳಿವಳಿಕೆ ಇದೆಯೆಂದು ತೀರ್ಮಾನಿಸುವುದು ಅವಸರವಾದೀತು. ನಮ್ಮ ನುಡಿಯಲ್ಲಿ ಗಂಡು–ಹೆಣ್ಣು ಎಂಬ ಜೋಡಿ ಗಡಸು–ಮೃದು, ಒರಟು–ನಯ ಎಂಬ ಅರ್ಥಗಳಲ್ಲಿಯೂ ಬಳಕೆಯಾಗುತ್ತದೆ. ಶಿಲ್ಪಶಾಸ್ತ್ರಗಳು ಕಲ್ಲನ್ನೂ ಪುರುಷ, ಸ್ತ್ರೀ, ನಪುಂಸಕ ಎಂದು ವಿಂಗಡಿಸಿವೆ. ಯಕ್ಷಗಾನವನ್ನು ಗಂಡುಕಲೆ ಎನ್ನುತ್ತೇವೆ. ಹೀಗಿರುವಾಗ ‘ಗಂಡು ಬಳ್ಳಿ’ ಎಂದರೆ ಕೇವಲ ಕಾಯಿ ಬಿಡದ ಬಳ್ಳಿ ಎಂದಷ್ಟೇ ಇರಬಹುದು. ಪದದ ಹಿಂದಿನ ಅರಿವು ತಿಳಿಯಬೇಕಾದರೆ ಪದವನ್ನಲ್ಲ, ಪದ ಬಳಸುವವರ ನಡವಳಿಕೆಯನ್ನು ನೋಡಬೇಕು. ಆ ಬಳ್ಳಿಯನ್ನು ಅವರು ಉಳಿಸುತ್ತಾರೆಯೇ, ಕೀಳುತ್ತಾರೆಯೇ ಎಂಬುದೇ ಒರೆಗಲ್ಲು.

ಈ ಮಾತನ್ನು ನನಗೆ ಮನಗಾಣಿಸಿದವರು ಶಿರಸಿ ಸೀಮೆಯ ಒಬ್ಬ ಹಿರಿಯ ಮಹಿಳೆ. ಅವರ ಹಿತ್ತಲ ಬೇಲಿಯಲ್ಲಿ ಎರಡು ಬಳ್ಳಿಗಳು ಒಂದರ ಮೇಲೊಂದು ಹಬ್ಬಿದ್ದವು. ಹೂ ತುಂಬಿದ, ಕಾಯಿಯೇ ಇಲ್ಲದ ಬಳ್ಳಿಯನ್ನು ತೋರಿಸಿ, ಇದು ಗೊಡ್ಡೇ ಎಂದು ನಾನು ಕೇಳಿದೆ. “ಗೊಡ್ಡಲ್ಲ ತಂಗಿ, ಅದು ಗಂಡು. ಅದ ಕಿತ್ತರೆ ಇದಕ್ಕೆ ಕಾಯಿ ನಿಲ್ಲೂದಿಲ್ಲ” ಎಂದರು. ಹೇಗೆ ತಿಳಿಯಿತೆಂದು ಕೇಳಿದಾಗ, ತಾವು ಮದುವೆಯಾಗಿ ಬಂದ ಹೊಸತರಲ್ಲಿ ಗೊಡ್ಡೆಂದು ತಿಳಿದು ಒಂದು ಬಳ್ಳಿಯನ್ನು ಬುಡಸಮೇತ ಕಿತ್ತಿದ್ದನ್ನೂ, ಮರುವರ್ಷ ಉಳಿದ ಬಳ್ಳಿಯಲ್ಲಿ ಹೂವಿನ ಜೊತೆಗೇ ಬಂದ ಮಿಡಿಗಳೆಲ್ಲ ಹಳದಿಯಾಗಿ ಉದುರಿದ್ದನ್ನೂ ವಿವರಿಸಿದರು. ಅವರ ಅತ್ತೆ ಆಗ ಕಾಡಿನಿಂದ ಇನ್ನೊಂದು ಗೆಡ್ಡೆ ತಂದು ನೆಟ್ಟರಂತೆ. ಇದು ತಪ್ಪಿನಿಂದ ಕಲಿತ, ನೋಡಿ ತಿದ್ದಿಕೊಂಡ, ಇನ್ನೊಬ್ಬರಿಗೆ ದಾಟಿಸಿದ ಜ್ಞಾನ. ಸಸ್ಯಗಳಲ್ಲಿ ಲಿಂಗಭೇದವಿದೆಯೆಂದು ಜರ್ಮನಿಯ ಕ್ಯಾಮೆರೇರಿಯಸ್ ಪ್ರಯೋಗಗಳ ಆಧಾರದಿಂದ ನಿರೂಪಿಸಿದ್ದು 1694ರಲ್ಲಿ. ಅವನೂ ಇದನ್ನೇ ಮಾಡಿದ್ದ; ಗಂಡನ್ನು ದೂರ ಮಾಡಿ, ಹೆಣ್ಣು ಫಲಿಸುವುದೇ ಎಂದು ನೋಡಿದ್ದ.

ನನ್ನದೇ ಒಂದು ಲೋಪವನ್ನೂ ಇಲ್ಲಿ ದಾಖಲಿಸಬೇಕು. ಪಿಎಚ್.ಡಿ. ಅಧ್ಯಯನದ ಕಾಲದ ನನ್ನ ಕ್ಷೇತ್ರ ಟಿಪ್ಪಣಿಗಳಲ್ಲಿ ಮಡಹಾಗಲದ ಕಾಯಿಯ ಹೆಸರು, ಅಡುಗೆಯ ವಿಧಾನ, ಕಾಲ ಎಲ್ಲವೂ ಇವೆ. ಕಾಯಿ ಬಿಡದ ಬಳ್ಳಿಯ ಹೆಸರನ್ನು ನಾನು ಯಾರಲ್ಲಿಯೂ ಕೇಳಿರಲಿಲ್ಲ. ತಿನ್ನುವುದನ್ನು ಮಾತ್ರ ಬರೆದುಕೊಂಡು, ಅದನ್ನು ಸಾಧ್ಯವಾಗಿಸುವುದನ್ನು ಬಿಟ್ಟದ್ದು ‘ವಂಧ್ಯಾ’ ಎಂದು ಹೆಸರಿಟ್ಟವರ ದೃಷ್ಟಿಗಿಂತ ಬೇರೆಯಾದುದೇನಲ್ಲ.

ಕಾಡಿನಿಂದ ತೋಟಕ್ಕೆ

ಈ ಹೆಸರುಗಳ ಚರ್ಚೆ ಕೇವಲ ಭಾಷಿಕ ಕುತೂಹಲಕ್ಕೆ ಸೀಮಿತವಾದುದಲ್ಲ. ಇಂದು ಮಡಹಾಗಲಕ್ಕೆ ಪೇಟೆಯಲ್ಲಿ ಒಳ್ಳೆಯ ಬೆಲೆಯಿದೆ. ಮಳೆಗಾಲದಲ್ಲಿ ಇತರ ತರಕಾರಿಗಳಿಗಿಂತ ದುಬಾರಿಯಾಗಿ ಮಾರಾಟವಾಗುವುದರಿಂದ ಕಾಡಿನ ಬಳ್ಳಿ ತೋಟದ ಬೆಳೆಯಾಗುತ್ತಿದೆ. ಕೊಡಗಿನ ಚೆಟ್ಟಳ್ಳಿಯಲ್ಲಿರುವ, ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಪ್ರಯೋಗ ಕೇಂದ್ರವು ದೊಡ್ಡ ಕಾಯಿಯ ಬಗೆಯಲ್ಲಿ ‘ಅರ್ಕಾ ಭರತ್’ ಎಂಬ ತಳಿಯನ್ನು ನೀಡಿದೆ. ಬೀಜದ ಸಿಪ್ಪೆ ಗಟ್ಟಿಯಾಗಿ ಮೊಳೆಯುವುದು ತಡವಾಗುವುದರಿಂದಲೂ, ಬೀಜದಿಂದ ಬಂದದ್ದು ಗಂಡೋ ಹೆಣ್ಣೋ ಎಂಬುದು ಹೂ ಬರುವವರೆಗೆ ತಿಳಿಯದಿರುವುದರಿಂದಲೂ ಬೆಳೆಗಾರರು ಗೆಡ್ಡೆಯಿಂದಲೋ ಬಳ್ಳಿಯ ತುಂಡಿನಿಂದಲೋ ಸಸಿ ಮಾಡಿಕೊಳ್ಳುತ್ತಾರೆ. ಎಂಟು–ಹತ್ತು ಹೆಣ್ಣು ಬಳ್ಳಿಗಳಿಗೆ ಒಂದು ಗಂಡು ಬಳ್ಳಿಯಾದರೂ ಇರಬೇಕೆಂಬುದು ತೋಟಗಾರಿಕಾ ತಜ್ಞರ ಸಲಹೆ. ಕೀಟಗಳು ಸಾಲದಿದ್ದಲ್ಲಿ ಗಂಡು ಹೂವನ್ನು ಕಿತ್ತು ಹೆಣ್ಣು ಹೂವಿಗೆ ಮುಟ್ಟಿಸುವ ಕೈಪರಾಗಸ್ಪರ್ಶವೂ ರೂಢಿಗೆ ಬಂದಿದೆ.

ತೋಟದಲ್ಲಿ ಹೀಗೆ ಗಂಡು ಬಳ್ಳಿಗೆ ಮಾನ್ಯತೆ ದೊರೆತಿರುವಾಗ, ಕಾಡಿನ ಸ್ಥಿತಿ ಬೇರೆಯಾಗಿದೆ. ಕಾಡಿನ ಗೆಡ್ಡೆಯನ್ನು ಅಗೆದು ತಂದು ನೆಡುವುದು ಅಥವಾ ಮಾರುವುದು ಆರಂಭವಾದಾಗ ಮೊದಲು ಹೋಗುವುದು ಹೆಣ್ಣು ಗೆಡ್ಡೆ. ಔಷಧಕ್ಕೆಂದು ಅಗೆಯುವಲ್ಲಿ ಹೋಗುವುದು ‘ವಂಧ್ಯಾ’ ಎಂದು ಕರೆಸಿಕೊಂಡ ಗಂಡು ಗೆಡ್ಡೆ. ಬೇಲಿ ಸವರುವಲ್ಲಿ ಹೋಗುವುದು ‘ಗೊಡ್ಡು’. ಒಂದು ಜಾಗದಿಂದ ಎರಡರಲ್ಲಿ ಯಾವುದೊಂದು ಹೋದರೂ ಉಳಿದದ್ದು ಹೂ ಬಿಡುತ್ತದೆ, ಬೀಜ ಬಿಡುವುದಿಲ್ಲ. ಹಳೆಯ ಗೆಡ್ಡೆ ಇರುವವರೆಗೆ ಬಳ್ಳಿ ಪ್ರತಿ ಮಳೆಗೂ ಹಸಿರಾಗಿ ಕಾಣುವುದರಿಂದ ಈ ನಷ್ಟ ತಕ್ಷಣ ಯಾರ ಕಣ್ಣಿಗೂ ಬೀಳುವುದಿಲ್ಲ. ಹಸಿರು ಕಾಣುತ್ತಿರುವಾಗಲೇ ಸಂತತಿ ನಿಂತುಹೋಗಿರುತ್ತದೆ. ಎರಡೂ ಬಳ್ಳಿಗಳನ್ನು ಬೇರೆ ಬೇರೆಯಾಗಿ ಬಲ್ಲವರಿಗೆ, ಅಂದರೆ ವರ್ಷ ವರ್ಷವೂ ಅದೇ ಪೊದೆಗೆ ಹೋಗಿ ಬರುವ ಹೆಂಗಸರಿಗೆ ಮಾತ್ರ ಇದು ಗೊತ್ತಾಗುತ್ತದೆ. ಅವರು ಕಾಡಿಗೆ ಹೋಗುವುದು ಕಡಿಮೆಯಾದಂತೆ ಬಳ್ಳಿಯ ಜೊತೆಗೆ ಬಳ್ಳಿಯ ಲೆಕ್ಕವೂ ತಪ್ಪುತ್ತಿದೆ.

ಸಮಾರೋಪ

ಸಸ್ಯ ಮತ್ತು ಮಾನವ ಸಮುದಾಯಗಳ ಸಂಬಂಧದ ಅಧ್ಯಯನಕ್ಕೆ ಅಮೆರಿಕದ ಹಾರ್ಷ್‌ಬರ್ಗರ್ 1895ರಲ್ಲಿ ಜನಾಂಗೀಯ ಸಸ್ಯಶಾಸ್ತ್ರ ಎಂಬರ್ಥದ ಹೆಸರಿಟ್ಟ ಮೇಲೆ ಉಪಯುಕ್ತ ಸಸ್ಯಗಳ ಪಟ್ಟಿ ಮಾಡುವುದು ಒಂದು ಪದ್ಧತಿಯಾಗಿ ಬೆಳೆಯಿತು. ನಮ್ಮಲ್ಲಿಯೂ ಇಂಥ ಪಟ್ಟಿಗಳು ಸಾಕಷ್ಟಿವೆ. ಮಡಹಾಗಲದ ಉದಾಹರಣೆ ಈ ಪದ್ಧತಿಯ ಮಿತಿಯನ್ನು ತೋರಿಸುತ್ತದೆ. ‘ಉಪಯೋಗ’ ಎಂಬ ಅಂಕಣದ ಕೆಳಗೆ ಗಂಡು ಬಳ್ಳಿಗೆ ಜಾಗವಿಲ್ಲ. ಅದಿಲ್ಲದೆ ಉಳಿದ ಯಾವ ಅಂಕಣವೂ ತುಂಬುವುದಿಲ್ಲ.

ಜನಪದ ಜ್ಞಾನವೆಲ್ಲವೂ ಸರಿ, ಶಾಸ್ತ್ರವೆಲ್ಲವೂ ತಪ್ಪು ಎಂಬುದು ಈ ಲೇಖನದ ವಾದವಲ್ಲ. ಬಂಜೆ, ಗೊಡ್ಡು ಎಂಬ ಪದಗಳು ಜನರ ಬಾಯಲ್ಲಿಯೂ ಇವೆ. ಒಂದೇ ಬೇಲಿಯ ಬಳಿ ಅತ್ತೆ ಗಂಡೆಂದು ಕರೆದದ್ದನ್ನು ಸೊಸೆ ಗೊಡ್ಡೆಂದು ಕಿತ್ತಿದ್ದಳು. ಜ್ಞಾನ ಒಂದು ಊರಿನಲ್ಲಿ, ಒಂದು ಮನೆಯೊಳಗೆ ಕೂಡ ಸಮನಾಗಿ ಹಂಚಿಕೆಯಾಗಿರುವುದಿಲ್ಲ. ಆದ್ದರಿಂದ ಸಸ್ಯನಾಮಗಳನ್ನು ಸಂಗ್ರಹಿಸುವವರು ಯಾರು ಹೇಳಿದರು, ಯಾವ ಬಳ್ಳಿಯನ್ನು ತೋರಿಸಿ ಹೇಳಿದರು, ಹೇಳಿದವರು ಆ ಬಳ್ಳಿಯನ್ನು ಏನು ಮಾಡುತ್ತಾರೆ ಎಂಬ ಮೂರನ್ನೂ ದಾಖಲಿಸುವುದು ಅವಶ್ಯ. ಗಂಡು–ಹೆಣ್ಣು ಬೇರೆ ಬೇರೆಯಾಗಿರುವ ಎಲ್ಲ ಸಸ್ಯಗಳ ವಿಷಯದಲ್ಲಿ ಎರಡರ ಹೆಸರನ್ನೂ ಪ್ರತ್ಯೇಕವಾಗಿ ಕೇಳಬೇಕು. ಎಳವೆಯಲ್ಲಿ ಕಾಡು ಸುತ್ತಿದ ತಲೆಮಾರು ಇನ್ನೂ ನಮ್ಮ ನಡುವೆ ಇದೆ. ಮುಂದಿನ ಮಳೆಗಾಲದಲ್ಲಿ ಮಡಹಾಗಲದ ಮಾಹಿತಿಗೆಂದು ಹೊರಡುವ ಸಂಶೋಧಕರು ಕಾಯಿಯನ್ನು ಕೈಯಲ್ಲಿ ಹಿಡಿದು ಪ್ರಶ್ನೆ ಕೇಳುವುದಕ್ಕೆ ಮೊದಲು, ಪಕ್ಕದಲ್ಲಿ ಬರಿಯ ಹೂ ಹೊತ್ತು ನಿಂತ ಬಳ್ಳಿಯನ್ನು ತೋರಿಸಿ ಅದರ ಹೆಸರನ್ನು ಕೇಳುವುದು ಒಳಿತು.